ಪಿಂಚಣಿಯೋ ತಡೆಗೋಡೆಯೋ: ಬಡ ದೇಶದ ದುಡ್ಡು ಎಲ್ಲಿಗೆ ಹೋಗಬೇಕು?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಅರ್ಥಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದೇನೆ. ನಮ್ಮ ತರಗತಿಯಲ್ಲಿ ಒಂದೇ ವಿಷಯಕ್ಕೆ ಮತ್ತೆ ಮತ್ತೆ ಜಗಳ ಆಗುತ್ತಿದೆ. ನನ್ನ ಗೆಳೆಯ ಹೇಳುತ್ತಾನೆ: "ಬಡ ದೇಶಗಳಿಗೆ ಒಂದು ವರ್ಷ ಬರ, ಇನ್ನೊಂದು ವರ್ಷ ನೆರೆ. ಇಂಥ ಹೊತ್ತಲ್ಲಿ ಪಿಂಚಣಿ, ನಗದು ಸಹಾಯ ಅಂತ ದುಡ್ಡು ಹಂಚುವುದು ದಂಡ. ಅದೇ ಹಣದಲ್ಲಿ ತಡೆಗೋಡೆ ಕಟ್ಟಲಿ, ಸೋಲಾರ್ ಹಾಕಲಿ." ಗೆಳತಿಯದು ಉಲ್ಟಾ ವಾದ: "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ಶಾಲೆ, ಆಸ್ಪತ್ರೆ ಮೊದಲು. ಹವಾಮಾನ ಕೆಡಿಸಿದ್ದು ಶ್ರೀಮಂತ ದೇಶಗಳು, ಅವರೇ ನೋಡಿಕೊಳ್ಳಲಿ." ನನಗೆ ಇಬ್ಬರ ಮಾತೂ ಸರಿ ಅನ್ನಿಸುತ್ತದೆ. ಬೊಕ್ಕಸ ಇರುವುದು ಒಂದೇ ಅಲ್ವಾ? ಕೈಗೆ ದುಡ್ಡು ಕೊಟ್ಟರೆ ಜನ ಸೋಮಾರಿಗಳಾಗುವುದಿಲ್ಲವೇ? ಬಡವರ ಖರ್ಚು ಏರಿದರೆ ಕಾರ್ಬನ್ ಕೂಡ ಏರುವುದಿಲ್ಲವೇ? ಪೆಟ್ರೋಲ್, ಡೀಸೆಲ್ ಸಬ್ಸಿಡಿ ತೆಗೆದು ಆ ಹಣವನ್ನು ಬಡವರಿಗೆ ಕೊಡುವುದು ನಡೆಯುವ ಮಾತೇ? ಶ್ರೀಮಂತ ದೇಶಗಳು ಕೊಡುತ್ತೇವೆ ಎಂದ ಹಣ ಬಂದಿದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳಿವೆ. ದುಡ್ಡು ಸಾಲುವುದಿಲ್ಲ, ಹಾಗಾದರೆ ಯಾವುದನ್ನು ಬಿಡಬೇಕು ಎನ್ನುವುದು ಒಂದು. ಬಡವರಿಗೆ ಕೊಟ್ಟ ದುಡ್ಡೇ ಮುಂದೆ ಮುಳುವಾದರೆ ಎನ್ನುವುದು ಇನ್ನೊಂದು. ಸಾಮಾಜಿಕ ಭದ್ರತೆಯ ಕಾರ್ಯಕ್ರಮಗಳ ಲೆಕ್ಕ ನೋಡುವುದೇ ನನ್ನ ವೃತ್ತಿ. ಹಣಕಾಸು ಇಲಾಖೆಗಳಲ್ಲೂ ನಿಮ್ಮ ತರಗತಿಯ ಜಗಳವೇ ನಡೆಯುತ್ತಿರುತ್ತದೆ, ಭಾಷೆ ಮಾತ್ರ ಸ್ವಲ್ಪ ನಯವಾಗಿರುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬಡ ದೇಶವೊಂದು ಶಾಲೆ, ಆಸ್ಪತ್ರೆ, ಪಿಂಚಣಿ, ನಗದು ಸಹಾಯಕ್ಕೆ ಹಾಕುವ ಹಣದ ದೊಡ್ಡ ಪಾಲು ಹವಾಮಾನದ ಹೊಡೆತ ತಾಳಿಕೊಳ್ಳುವ ಖರ್ಚೇ ಆಗಿರುತ್ತದೆ. ಬಜೆಟ್ ಪುಸ್ತಕದಲ್ಲಿ ಅದನ್ನು ಬೇರೆ ಪುಟದಲ್ಲಿ ಬರೆದಿರುತ್ತಾರೆ, ಅಷ್ಟೆ. ಹಾಗಂತ ಎಲ್ಲ ಸಾಮಾಜಿಕ ಖರ್ಚೂ ಈ ಕೆಲಸ ಮಾಡುತ್ತದೆ ಎನ್ನಲು ಬರುವುದಿಲ್ಲ. ಮಾಡದ ಕಡೆ ನಿಮ್ಮ ಗೆಳೆಯನ ಮಾತಿಗೆ ತೂಕ ಇದೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಬರ ಮನೆಯೊಳಗೆ ಬಂದಾಗ

ಮಳೆ ಕೈಕೊಟ್ಟ ವರ್ಷ ಬಡ ರೈತರ ಮನೆಯಲ್ಲಿ ಏನಾಗುತ್ತದೆ ಅನ್ನುವುದು ಯಾವ ಖಂಡದಲ್ಲಾದರೂ ಹೆಚ್ಚುಕಡಿಮೆ ಒಂದೇ ಥರ. ಮೊದಲು ಕೋಳಿ, ಆಡು ಮಾರುತ್ತಾರೆ. ಅದೇ ಹೊತ್ತಿಗೆ ಊರಿಗೆ ಊರೇ ಮಾರುತ್ತಿರುವುದರಿಂದ ಬೆಲೆ ಬಿದ್ದುಹೋಗಿರುತ್ತದೆ. ಆಮೇಲೆ ಊಟ ಕಡಿಮೆಯಾಗುತ್ತದೆ. ಕೊನೆಗೆ ಉಣ್ಣುವವಳು ತಾಯಿ, ಅವಳ ಪಾಲಿಗೆ ಪಾತ್ರೆಯ ತಳ. ಆಮೇಲೆ ಕೈಸಾಲ. ಆಮೇಲೆ ದೊಡ್ಡ ಮಗಳು ಶಾಲೆ ಬಿಡುತ್ತಾಳೆ. ಎಲ್ಲ ದಾರಿಯೂ ಮುಚ್ಚಿದ ಮೇಲೆ ಉಳುವ ಎತ್ತು ಹೋಗುತ್ತದೆ, ಬಿತ್ತನೆಗೆ ಇಟ್ಟಿದ್ದ ಬೀಜ ಅಡುಗೆಗೆ ಹೋಗುತ್ತದೆ. ಮುಂದಿನ ವರ್ಷ ಮಳೆ ಚೆನ್ನಾಗಿ ಬಂದರೂ ಆ ಮನೆಗೆ ಪ್ರಯೋಜನವಿಲ್ಲ. ಎತ್ತಿಲ್ಲ, ಬೀಜವಿಲ್ಲ, ಸಾಲ ಮಾತ್ರ ಇದೆ.

ಇದರ ಗುರುತು ಮೈಮೇಲೂ ಉಳಿಯುತ್ತದೆ. ಇಥಿಯೋಪಿಯಾದಲ್ಲಿ 1984ರ ಬರಗಾಲದ ಹೊತ್ತಿಗೆ 3 ವರ್ಷದೊಳಗಿದ್ದ ಮಕ್ಕಳನ್ನು ಅವರು ದೊಡ್ಡವರಾದ ಮೇಲೆ ಸಂಶೋಧಕರು ಅಳೆದು ನೋಡಿದರು. ಬರದ ಹೊಡೆತ ತಿಂದವರು ತಮಗಿಂತ ಸ್ವಲ್ಪ ದೊಡ್ಡ ವಯಸ್ಸಿನವರಿಗಿಂತ ಕನಿಷ್ಠ 5 ಸೆಂಟಿಮೀಟರ್ ಕುಳ್ಳಗಿದ್ದರು. ಮಳೆ ವಾಪಸ್ ಬಂತು, ಆ ಎತ್ತರ ವಾಪಸ್ ಬರಲಿಲ್ಲ. ನನ್ನ ಮಟ್ಟಿಗೆ ಹವಾಮಾನದ ನಷ್ಟ ಅಂದರೆ ಮೊದಲು ಇದು. ಕೊಚ್ಚಿಹೋದ ಸೇತುವೆಯ ಲೆಕ್ಕ ಆಮೇಲೆ. ಸೇತುವೆಯನ್ನು ಮತ್ತೆ ಕಟ್ಟಬಹುದು.

ಹಾಗಾಗಿ ಎತ್ತು ಮಾರುವ ಮುನ್ನ ಆ ಮನೆಗೆ ನಾಲ್ಕು ತಿಂಗಳ ಖರ್ಚಿಗೆ ಕಾಸು ಸಿಕ್ಕರೆ ಅದನ್ನು "ಹಂಚುವುದು" ಎನ್ನುವುದೋ "ಹವಾಮಾನ ರಕ್ಷಣೆ" ಎನ್ನುವುದೋ? 2015ರಲ್ಲಿ ವಿಶ್ವಬ್ಯಾಂಕ್ ಒಂದು ಲೆಕ್ಕ ಹಾಕಿತ್ತು. ಬಡವರನ್ನು ಮುಟ್ಟುವ ಒಳ್ಳೆ ಬೆಳವಣಿಗೆ ಆಗದಿದ್ದರೆ ಹವಾಮಾನ ಬದಲಾವಣೆ 2030ರ ಹೊತ್ತಿಗೆ ಇನ್ನೂ 10 ಕೋಟಿಗೂ ಹೆಚ್ಚು ಜನರನ್ನು ಕಡುಬಡತನಕ್ಕೆ ತಳ್ಳಬಹುದು. ಆರೋಗ್ಯ, ಭದ್ರತೆ, ಮೂಲ ಸೌಕರ್ಯ ಎಲ್ಲ ಬೇಗ ಮುಟ್ಟಿದರೆ ಆ ಸಂಖ್ಯೆ ಹೆಚ್ಚೆಂದರೆ 1.6 ಕೋಟಿ ಆಸುಪಾಸಿಗೆ ಇಳಿಯಬಹುದು. ಎರಡೂ ಲೆಕ್ಕದಲ್ಲಿ ಬಿಸಿಲು ಅದೇ, ಮಳೆ ಅದೇ. ಅಷ್ಟು ದೊಡ್ಡ ವ್ಯತ್ಯಾಸ ಬಂದಿದ್ದು ಸರ್ಕಾರಗಳು ನಡುವೆ ಏನು ಮಾಡುತ್ತವೆ ಎಂಬುದರಿಂದ.

ಶಾಲೆಯೇ ಆಸರೆಯಾದ ಕತೆ

ನಿಮ್ಮ ಗೆಳೆಯ, ಗೆಳತಿ ಇಬ್ಬರೂ ಬಾಂಗ್ಲಾದೇಶವನ್ನು ನೋಡಬೇಕು. 1970ರ ಭೋಲಾ ಚಂಡಮಾರುತದಲ್ಲಿ ಅಲ್ಲಿ ಕಡಿಮೆಯೆಂದರೂ 3 ಲಕ್ಷ ಜನ ಸತ್ತರು. 1991ರಲ್ಲಿ ಸುಮಾರು 1.38 ಲಕ್ಷ. 2007ರ ಸಿಡರ್‌ನಲ್ಲಿ ಸುಮಾರು 3,400. 2020ರ ಅಂಫನ್ ಹೊತ್ತಿಗೆ ಅಲ್ಲಿ ಸತ್ತವರ ಸಂಖ್ಯೆ ಕೆಲವು ಹತ್ತುಗಳಲ್ಲಿತ್ತು. ಇದಕ್ಕೆ ಕಾರಣ ಒಂದೆರಡಲ್ಲ. ಮುನ್ಸೂಚನೆ ಸುಧಾರಿಸಿತು, ತೀರದಲ್ಲಿ ಏರಿ ಕಟ್ಟಿದರು, ಮನೆಮನೆಗೆ ಹೋಗಿ ಎಚ್ಚರಿಸುವ ಸ್ವಯಂಸೇವಕರ ಪಡೆ ಬೆಳೆಯಿತು. ಜೊತೆಗೆ ಎತ್ತರದ ಕಂಬಗಳ ಮೇಲೆ ಆಸರೆ ಕಟ್ಟಡಗಳು ಎದ್ದವು. ಅವುಗಳಲ್ಲಿ ಎಷ್ಟೋ ಕಟ್ಟಡಗಳು ಉಳಿದ ದಿನಗಳಲ್ಲಿ ಪ್ರಾಥಮಿಕ ಶಾಲೆಗಳು.

ಇದರಲ್ಲಿ ಒಂದು ಸೂಕ್ಷ್ಮ ಇದೆ. ವರ್ಷಪೂರ್ತಿ ಬಾಗಿಲು ಹಾಕಿಕೊಂಡಿರುವ ಆಸರೆ ಕಟ್ಟಡ ಬೇಗ ಹಾಳಾಗುತ್ತದೆ. ಬೀಗದ ಕೈ ಯಾರ ಹತ್ತಿರ ಇದೆ ಅಂತ ಬೇಕಾದ ಹೊತ್ತಲ್ಲಿ ಗೊತ್ತಿರುವುದಿಲ್ಲ. ದಿನಾ ಮಕ್ಕಳು ಬರುವ ಕಟ್ಟಡಕ್ಕೆ ಹೋಗುವ ದಾರಿ ಊರಿಗೆಲ್ಲ ಗೊತ್ತು. ಹಾಗಾದರೆ ಆ ಕಟ್ಟಡದ ಖರ್ಚನ್ನು ಶಿಕ್ಷಣಕ್ಕೆ ಬರೆಯೋಣವೋ, ಹವಾಮಾನಕ್ಕೋ? ಬಡ ದೇಶಗಳ ಒಳ್ಳೆಯ ಯೋಜನೆಗಳಲ್ಲಿ ಈ ಪ್ರಶ್ನೆ ಹೀಗೇ ಕರಗಿಹೋಗುತ್ತದೆ.

ಈಗ ಗೆಳೆಯನ ಪಕ್ಷ. ಪಿಂಚಣಿ ಸಮುದ್ರವನ್ನು ತಡೆಯುವುದಿಲ್ಲ. ಉಪ್ಪುನೀರು ನುಗ್ಗಿದ ಹೊಲಕ್ಕೆ ನಗದು ಸಹಾಯ ಮದ್ದಲ್ಲ. ಏರಿ, ಚರಂಡಿ, ಹವಾಮಾನ ಕೇಂದ್ರ, ಬರ ತಾಳುವ ಬೀಜದ ಸಂಶೋಧನೆ, ಇವೆಲ್ಲ ಮನೆಮನೆಗೆ ಕಾಸು ಕೊಟ್ಟರೆ ಆಗುವಂಥವಲ್ಲ, ಸರ್ಕಾರವೇ ಮಾಡಬೇಕು. ಇನ್ನೂ ಒಂದು ಅಪಾಯವಿದೆ. ಹತ್ತಿಪ್ಪತ್ತು ವರ್ಷದಲ್ಲಿ ಬದುಕಲಾಗದಂತೆ ಆಗುವ ಜಾಗದಲ್ಲಿ ವರ್ಷವರ್ಷವೂ ಪರಿಹಾರ ಕೊಡುತ್ತಾ ಹೋದರೆ ಜನರನ್ನು ಅಲ್ಲೇ ಕಟ್ಟಿಹಾಕಿದಂತೆ. ಅಂಥ ಕಡೆ ಬೇರೆಡೆಗೆ ಹೋಗಿ ನೆಲೆಯಾಗಲು ಸಹಾಯ ಬೇಕು. ಊರು ಬಿಟ್ಟರೂ ಹೆಸರು ಪಟ್ಟಿಯಿಂದ ಬೀಳದ ಹಾಗೆ ನೋಡಿಕೊಳ್ಳಬೇಕು. ಈ ಎರಡನೆಯದನ್ನು ಮರೆಯುವ ಕಾರ್ಯಕ್ರಮಗಳೇ ಜಾಸ್ತಿ.

ಸೋಮಾರಿತನ, ಕಾರ್ಬನ್

ದುಡ್ಡು ಕೊಟ್ಟರೆ ಸೋಮಾರಿಗಳಾಗುತ್ತಾರೆ ಎನ್ನುವ ಮಾತು ಎಲ್ಲ ದೇಶದಲ್ಲೂ ಇದೆ. ಇದನ್ನು ಚೆನ್ನಾಗಿಯೇ ಪರೀಕ್ಷೆ ಮಾಡಿದ್ದಾರೆ. 6 ದೇಶಗಳ 7 ನಗದು ಕಾರ್ಯಕ್ರಮಗಳ ಅಂಕಿಅಂಶ ಒಟ್ಟಿಗೆ ಇಟ್ಟು ನೋಡಿದಾಗ ಜನ ಕೆಲಸ ಬಿಟ್ಟಿದ್ದಕ್ಕೆ ಪುರಾವೆ ಸಿಗಲಿಲ್ಲ. ಕುಡಿತ, ತಂಬಾಕಿಗೆ ಸುರಿಯುತ್ತಾರೆ ಎನ್ನುವುದಕ್ಕೂ ವಿಶ್ವಬ್ಯಾಂಕ್ ಸಂಶೋಧಕರ ಪರಿಶೀಲನೆಯಲ್ಲಿ ಆಧಾರ ಸಿಕ್ಕಿಲ್ಲ. ಈ ಭಯವನ್ನು ಪಕ್ಕಕ್ಕಿಡಬಹುದು.

ಕಾರ್ಬನ್ ಪ್ರಶ್ನೆಗೆ ಉತ್ತರ ಇನ್ನೂ ಸ್ವಾರಸ್ಯವಾಗಿದೆ. ಮೊದಲು ದೊಡ್ಡ ಲೆಕ್ಕ. ಜಗತ್ತಿನ ನೂರು ಕೋಟಿಗೂ ಹೆಚ್ಚು ಬಡವರನ್ನು ಬಡತನದ ಗೆರೆಯಿಂದ ಮೇಲೆತ್ತಿದರೆ ಜಗತ್ತಿನ ಒಟ್ಟು ಕಾರ್ಬನ್ ಶೇ 2ರ ಆಸುಪಾಸು ಅಥವಾ ಅದಕ್ಕೂ ಕಡಿಮೆ ಏರುತ್ತದೆ ಅಂತ 2022ರ ಒಂದು ಅಧ್ಯಯನ ತೋರಿಸಿತು. ಒಂದು ಬಲ್ಬು, ಒಂದು ಫ್ಯಾನು, ಹೊಗೆಯಿಲ್ಲದ ಒಲೆ, ಬಸ್ಸಿನಲ್ಲಿ ಆಸ್ಪತ್ರೆಗೆ ಹೋಗುವ ಶಕ್ತಿ, ಇವುಗಳಿಂದ ಭೂಮಿ ಬಿಸಿಯಾಗಿಲ್ಲ. ಇಡೀ ಆಫ್ರಿಕಾ ಖಂಡದ ಪಾಲು ಜಗತ್ತಿನ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಶೇ 4ರ ಒಳಗೇ ಇದೆ.

ಆದರೆ ಕಾಡಿನ ವಿಷಯಕ್ಕೆ ಬಂದರೆ ಒಂದೇ ಉತ್ತರ ಇಲ್ಲ. ಇಂಡೋನೇಷ್ಯಾದಲ್ಲಿ ಬಡ ತಾಯಂದಿರಿಗೆ, ಮಕ್ಕಳನ್ನು ಶಾಲೆಗೆ, ಆಸ್ಪತ್ರೆಗೆ ಕಳಿಸಬೇಕೆಂಬ ಷರತ್ತಿನ ಮೇಲೆ, ಹಣ ಕೊಡುವ ಕಾರ್ಯಕ್ರಮ ಇದೆ. ಕಾಡಿಗೂ ಅದಕ್ಕೂ ಯಾವ ನಂಟೂ ಇರಲಿಲ್ಲ. 2008ರಿಂದ 2012ರವರೆಗೆ ಕಾಡಂಚಿನ 7,468 ಹಳ್ಳಿಗಳನ್ನು ಉಪಗ್ರಹ ಚಿತ್ರಗಳಲ್ಲಿ ನೋಡಿದಾಗ, ಈ ಹಣ ಬಂದ ಹಳ್ಳಿಗಳಲ್ಲಿ ಮರಗಳ ನಾಶ ಸುಮಾರು ಶೇ 30ರಷ್ಟು ಕಡಿಮೆಯಾಗಿತ್ತು. ಕಾರಣ ಕೇಳಿ. ಅಲ್ಲಿನ ಭತ್ತದ ರೈತರು ಮಳೆ ತಡವಾದ ವರ್ಷ ಕಾಡು ಕಡಿದು ಇನ್ನಷ್ಟು ನೆಲ ಮಾಡಿಕೊಳ್ಳುತ್ತಿದ್ದರು. ಕಾಡು ಅವರಿಗೆ ವಿಮೆಯ ಹಾಗಿತ್ತು. ಕೈಯಲ್ಲಿ ಕಾಸಿದ್ದಾಗ ಆ ವಿಮೆ ಬೇಕಾಗಲಿಲ್ಲ.

ಮೆಕ್ಸಿಕೋದಲ್ಲಿ ಇದೇ ಥರದ ಕಾರ್ಯಕ್ರಮ ಉಲ್ಟಾ ಹೊಡೆಯಿತು. ಹಣ ಬಂದ ಮನೆಗಳಲ್ಲಿ ಮಾಂಸ, ಹಾಲು ಜಾಸ್ತಿ ಬಳಸತೊಡಗಿದರು. ಅದು ಅವರ ಹಕ್ಕು, ಮಕ್ಕಳ ಪೌಷ್ಟಿಕತೆಗೂ ಒಳ್ಳೆಯದು. ಆದರೆ ದನಕ್ಕೆ ನೆಲ ಬೇಕು. ರಸ್ತೆ ಚೆನ್ನಾಗಿದ್ದ ಕಡೆ ಆ ಸಾಮಾನು ದೂರದಿಂದ ಬಂತು. ರಸ್ತೆ ಇಲ್ಲದ ಒಳನಾಡಿನಲ್ಲಿ ಅಲ್ಲೇ ಬೆಳೆಸಬೇಕಾಯಿತು, ಅಲ್ಲಿ ಕಾಡು ಹೆಚ್ಚು ಹೋಯಿತು. ಅದಕ್ಕೆ ಹಣ ನಿಲ್ಲಿಸಿ ಅಂತ ಯಾರೂ ಹೇಳಲಾರರು. ಅಂಥ ಪ್ರದೇಶದಲ್ಲಿ ನಗದಿನ ಜೊತೆಗೇ ಕಾಡಿನ ಮೇಲೆ ಕಣ್ಣಿಡುವ ಏರ್ಪಾಡು ಇರಬೇಕು ಅಷ್ಟೆ. ಒಂದು ದೇಶದ ಫಲಿತಾಂಶವನ್ನು ಇನ್ನೊಂದಕ್ಕೆ ಸುಮ್ನೆ ಅಂಟಿಸಬಾರದು ಅಂತ ನಾನು ವಿದ್ಯಾರ್ಥಿಗಳಿಗೆ ಹೇಳುವಾಗ ಯಾವಾಗಲೂ ಈ ಜೋಡಿಯನ್ನೇ ಕೊಡುತ್ತೇನೆ.

ಯಾವಾಗ ತಲುಪುತ್ತದೆ ಎನ್ನುವುದೇ ದೊಡ್ಡ ವಿಷಯ

ಎಷ್ಟು ಹಣ ಎನ್ನುವುದಕ್ಕಿಂತ ಯಾವ ತಿಂಗಳು ಎನ್ನುವುದನ್ನು ನಾನು ಮೊದಲು ನೋಡುತ್ತೇನೆ. ಎತ್ತು ಮಾರಿದ ಮೇಲೆ ಬಂದ ಪರಿಹಾರ ಎತ್ತನ್ನು ವಾಪಸ್ ತರುವುದಿಲ್ಲ. ಎಷ್ಟೋ ಕಡೆ ಪರಿಹಾರದ ಕತೆ ಇಷ್ಟೇ: ಬೆಳೆ ಹೋಗುತ್ತದೆ, ಸಮೀಕ್ಷೆ ಮಾಡುತ್ತಾರೆ, ದಾನಿಗಳಿಗೆ ಮನವಿ ಹೋಗುತ್ತದೆ, ಸಭೆ ಸೇರುತ್ತದೆ, ಹಣ ಬರುವ ಹೊತ್ತಿಗೆ ಮನೆ ಖಾಲಿಯಾಗಿರುತ್ತದೆ.

ಇದನ್ನು ಬದಲಿಸಿದ ಉದಾಹರಣೆಗಳಿವೆ. ಕೆನ್ಯಾದ ಉತ್ತರದ ಒಣ ಸೀಮೆಯಲ್ಲಿ, ತುರ್ಕಾನಾ, ಮಾರ್ಸಬಿಟ್, ಮಂಡೇರಾ, ವಜೀರ್ ಎಂಬ 4 ಕೌಂಟಿಗಳಲ್ಲಿ, ಬಹುತೇಕ ಎಲ್ಲ ಕುಟುಂಬಗಳ ಹೆಸರು ಮೊದಲೇ ಬರೆದುಕೊಂಡು ಬ್ಯಾಂಕ್ ಖಾತೆ ತೆರೆಸಿದರು. ಮೊದಮೊದಲು ಸುಮಾರು 1 ಲಕ್ಷ ಕುಟುಂಬಗಳಿಗೆ ಮಾಮೂಲಿಯಾಗಿ ಹಣ ಹೋಗುತ್ತಿತ್ತು. ಹುಲ್ಲು ಒಣಗುತ್ತಿದೆ ಅಂತ ಉಪಗ್ರಹದ ಅಳತೆ ತೋರಿಸಿದರೆ ಪಟ್ಟಿಯಲ್ಲಿದ್ದ ಉಳಿದವರಲ್ಲೂ ಹಲವರಿಗೆ ಹೋಗುತ್ತಿತ್ತು. ದನ ಕಾಯುವವರ ನಾಡು ಅದು. ಹುಲ್ಲು ಹೋದ ಮೇಲೆ ದನ, ದನ ಹೋದ ಮೇಲೆ ಹಾಲು, ಹಾಲು ಹೋದ ಮೇಲೆ ಮಕ್ಕಳು. ಆ ಸರಪಳಿಯ ಮೊದಲ ಕೊಂಡಿಯಲ್ಲೇ ಹಿಡಿಯುವ ಪ್ರಯತ್ನ ಇದು.

ಬಾಂಗ್ಲಾದೇಶದಲ್ಲಿ 2020ರ ಜುಲೈನಲ್ಲಿ ಜಮುನಾ ನದಿ ಉಕ್ಕುವ ಮುನ್ಸೂಚನೆ ಬಂದಾಗ, ವಿಶ್ವಸಂಸ್ಥೆಯ ತುರ್ತು ನಿಧಿಯ ಹಣದಲ್ಲಿ ಸುಮಾರು 23,000 ಕುಟುಂಬಗಳಿಗೆ ತಲಾ 4,500 ಟಾಕಾ ಮೊಬೈಲ್‌ಗೆ ಹಾಕಿದರು. ನೆರೆ ಅದರ ತುತ್ತತುದಿ ಮುಟ್ಟುವ ಮುನ್ನವೇ ಹಣ ಹೋಗಿತ್ತು. ಆಮೇಲೆ ವಿಚಾರಿಸಿದಾಗ, ಹಣ ಸಿಕ್ಕ ಮನೆಗಳಲ್ಲಿ ನೆರೆಯ ಹೊತ್ತಲ್ಲಿ ಇಡೀ ದಿನ ಉಪವಾಸ ಬೀಳುವ ಸಾಧ್ಯತೆ ಶೇ 36ರಷ್ಟು ಕಡಿಮೆಯಾಗಿತ್ತು. ಒಂದೇ ಒಂದು ಸಲ ಕೊಟ್ಟ, ದೊಡ್ಡದೇನೂ ಅಲ್ಲದ ಮೊತ್ತ ಅದು.

ಪಾಕಿಸ್ತಾನದ 2022ರ ನೆರೆ ಇನ್ನೂ ದೊಡ್ಡದು. 3.3 ಕೋಟಿ ಜನ ಸಿಕ್ಕಿಕೊಂಡರು. ಹಾನಿ ಮತ್ತು ನಷ್ಟ ಸೇರಿ 3,000 ಕೋಟಿ ಡಾಲರ್ ದಾಟಿತು. ಅಲ್ಲಿ ಬೇನಜೀರ್ ಆದಾಯ ಬೆಂಬಲ ಕಾರ್ಯಕ್ರಮ 2008ರಿಂದ ನಡೆಯುತ್ತಿತ್ತು. ಬಡ ಕುಟುಂಬಗಳ ಪಟ್ಟಿ ಸಿದ್ಧವಿತ್ತು. ಹಾಗಾಗಿ ಸುಮಾರು 27 ಲಕ್ಷ ಕುಟುಂಬಗಳಿಗೆ ತಲಾ 25,000 ಪಾಕಿಸ್ತಾನಿ ರೂಪಾಯಿ ಕೊಡಲು ಆಯಿತು. ಪಟ್ಟಿಯೇ ಇಲ್ಲದ ದೇಶದಲ್ಲಿ ಇಷ್ಟು ಜನರನ್ನು ಹುಡುಕುವುದಕ್ಕೇ ವರ್ಷ ಬೇಕು. ನಿಮ್ಮ ಗೆಳೆಯ "ದಂಡ" ಅಂದ ಮಾಮೂಲಿ ಪಿಂಚಣಿ, ನಗದು ಕಾರ್ಯಕ್ರಮಗಳು ಒಳ್ಳೆಯ ವರ್ಷದಲ್ಲಿ ಈ ಪಟ್ಟಿ, ಖಾತೆ, ಹಣ ತಲುಪಿಸುವ ದಾರಿಯನ್ನು ಜೀವಂತ ಇಟ್ಟಿರುತ್ತವೆ.

ಬೇಸರದ ಸಂಗತಿ ಅಂದರೆ ಇದು ಎಲ್ಲಿ ಬೇಕೋ ಅಲ್ಲೇ ಇಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2024ರ ವರದಿ ಪ್ರಕಾರ ಜಗತ್ತಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಜನರಿಗೆ ಒಂದಾದರೂ ಸಾಮಾಜಿಕ ಭದ್ರತೆ ಇದೆ. ಹವಾಮಾನದ ಹೊಡೆತ ಅತಿ ಹೆಚ್ಚು ತಿನ್ನುವ 20 ದೇಶಗಳಲ್ಲಿ ಅದು ಇರುವುದು ಬರೀ ಶೇ 8.7 ಜನರಿಗೆ. ಶ್ರೀಮಂತ ದೇಶಗಳು ಆರೋಗ್ಯ ಬಿಟ್ಟು ಸಾಮಾಜಿಕ ಭದ್ರತೆಗೇ ಜಿಡಿಪಿಯ ಶೇ 16ರಷ್ಟು ಹಾಕುತ್ತವೆ. ಅತಿ ಬಡ ದೇಶಗಳಿಗೆ ಶೇ 1 ಕೂಡ ಹಾಕಲು ಆಗುತ್ತಿಲ್ಲ.

ಇಥಿಯೋಪಿಯಾದ ಸಾಮಾಜಿಕ ಭದ್ರತಾ ಕಾರ್ಯಕ್ರಮವನ್ನು ಬೇರೆ ಕಾರಣಕ್ಕೆ ಹೇಳಬೇಕು. 2005ರಲ್ಲಿ ಅದು ಶುರುವಾಯಿತು. ಸುಮಾರು 80 ಲಕ್ಷ ಜನರನ್ನು ಮುಟ್ಟಿತು. ಮೈಯಲ್ಲಿ ಶಕ್ತಿ ಇರುವವರು ಬದು ಕಟ್ಟುತ್ತಾರೆ, ಇಂಗುಗುಂಡಿ ತೆಗೆಯುತ್ತಾರೆ, ಬೋಳು ಗುಡ್ಡಕ್ಕೆ ದನ ಹೋಗದಂತೆ ಬೇಲಿ ಹಾಕಿ ಗಿಡ ಬೆಳೆಯಲು ಬಿಡುತ್ತಾರೆ. ದುಡಿಯಲಾಗದ ಮುದುಕರಿಗೆ, ಕಾಯಿಲೆಯವರಿಗೆ, ಗರ್ಭಿಣಿಯರಿಗೆ ಕೆಲಸವಿಲ್ಲದೆಯೇ ಸಹಾಯ. ಕೂಲಿ ಕೊಟ್ಟ ಹಾಗೂ ಆಯಿತು, ನೀರು ಇಂಗಿದ ಹಾಗೂ ಆಯಿತು. ಕೇಳಲು ಬಹಳ ಚೆಂದ. ಆದರೆ ಎರಡು ಏಟು ಬಿತ್ತು. ಹಣ ಸಮಯಕ್ಕೆ ಬರುತ್ತಿರಲಿಲ್ಲ. ಬೆಳೆ ಇಲ್ಲದ ತಿಂಗಳುಗಳ ಕೂಲಿ ಆ ತಿಂಗಳು ಕಳೆದ ಮೇಲೆ ಬಂದರೆ ಏನು ಬಂತು? ಇನ್ನೊಂದು, 2008ರಲ್ಲಿ ಧಾನ್ಯದ ಬೆಲೆ ಗಗನಕ್ಕೇರಿದಾಗ ಅದೇ ಕೂಲಿಗೆ ಚೀಲ ತುಂಬುತ್ತಿರಲಿಲ್ಲ. ನಗದು ಬೇಡ, ಕಾಳೇ ಕೊಡಿ ಅಂತ ಜನ ಕೇಳತೊಡಗಿದರು. ನಗದು ಒಳ್ಳೆಯದೋ ಕಾಳು ಒಳ್ಳೆಯದೋ ಎನ್ನುವ ಚರ್ಚೆಗೆ ನನ್ನ ಉತ್ತರ ಇದೇ: ಸಂತೆಯಲ್ಲಿ ಕಾಳಿದ್ದು ಬೆಲೆ ನಿಂತಿದ್ದರೆ ನಗದು, ಇಲ್ಲದಿದ್ದರೆ ಕಾಳು. ಬದಲಿಸುವ ಅವಕಾಶ ನಿಯಮದಲ್ಲೇ ಇರಬೇಕು.

ವಿಮೆ ಮಾಡಿಸಿಬಿಟ್ಟರೆ ಸರ್ಕಾರಕ್ಕೆ ಚಿಂತೆ ಇಲ್ಲ ಅಂತ ಈಚೆಗೆ ಬಹಳ ಕೇಳಿಬರುತ್ತದೆ. ಅದಕ್ಕೆ ಮಲಾವಿಯ ಅನುಭವ ಓದಬೇಕು. ಆಫ್ರಿಕನ್ ರಿಸ್ಕ್ ಕೆಪಾಸಿಟಿ ಎಂಬ ಸಂಸ್ಥೆಯಿಂದ ಆ ಸರ್ಕಾರ 2015ರಲ್ಲಿ ಬರದ ವಿಮೆ ಕೊಂಡಿತು. 2015-16ರಲ್ಲಿ ಬರ ಬಂದೇ ಬಂತು. 65 ಲಕ್ಷಕ್ಕೂ ಹೆಚ್ಚು ಜನರಿಗೆ ಆಹಾರ ಬೇಕಾಯಿತು. ಆದರೆ ವಿಮೆಯ ಕಂಪ್ಯೂಟರ್ ಮಾದರಿ ಸುಮಾರು 20 ಸಾವಿರ ಜನರಿಗೆ ಮಾತ್ರ ತೊಂದರೆ ಅಂತ ತೋರಿಸಿತು. ಪರಿಹಾರ ಇಲ್ಲ ಅಂತಾಯಿತು. ಕಾರಣ ಹುಡುಕಿದಾಗ ಮೆಕ್ಕೆಜೋಳದಲ್ಲಿ ಸಿಕ್ಕಿತು. ನಿಧಾನವಾಗಿ ಬಲಿಯುವ ತಳಿಯನ್ನು ಇಟ್ಟುಕೊಂಡು ಮಾದರಿ ಮಾಡಿದ್ದರು. ರೈತರು ಬಿತ್ತಿದ್ದು ಬೇಗ ಬಲಿಯುವ ತಳಿ. ಆ ತಳಿಗೆ ನೀರು ಬೇಕಾದ ವಾರಗಳೇ ಬೇರೆ. ತಿದ್ದಿದ ಮೇಲೆ 81 ಲಕ್ಷ ಡಾಲರ್ ಕೊಡಲು ಒಪ್ಪಿದರು, ಅಷ್ಟರಲ್ಲಿ ತಿಂಗಳುಗಳು ಉರುಳಿದ್ದವು. ವಿಮೆ ಬೇಡ ಅಂತ ಹೇಳುತ್ತಿಲ್ಲ. ಹತ್ತಿಪ್ಪತ್ತು ವರ್ಷಕ್ಕೊಮ್ಮೆ ಬರುವ ದೊಡ್ಡ ಹೊಡೆತಕ್ಕೆ ಅದು ಸರಿ. ಮೂರು ನಾಲ್ಕು ವರ್ಷಕ್ಕೊಮ್ಮೆ ಬರುವ ಬರಕ್ಕೆ ಕಂತು ಕಟ್ಟುವುದಕ್ಕಿಂತ ಸ್ವಂತ ಮೀಸಲು ನಿಧಿ ಅಗ್ಗ. ಮಾದರಿಯನ್ನು ಹೊಲದ ಜೊತೆ ಪ್ರತಿ ಹಂಗಾಮಿಗೂ ತಾಳೆ ನೋಡಲೇಬೇಕು.

ಪೆಟ್ರೋಲ್ ಸಬ್ಸಿಡಿ ತೆಗೆದರೆ?

ತೆಗೆಯುವುದು ಸರಿ. ಹೇಗೆ ತೆಗೆಯುತ್ತೀರಿ ಎನ್ನುವುದರ ಮೇಲೆ ಎಲ್ಲ ನಿಂತಿದೆ. ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಲೆಕ್ಕದಲ್ಲಿ 2022ರಲ್ಲಿ ಜಗತ್ತಿನ ಸರ್ಕಾರಗಳು ಇಂಧನದ ಬೆಲೆ ತಗ್ಗಿಸಿ ಇಡಲು ನೇರವಾಗಿಯೇ 1.3 ಲಕ್ಷ ಕೋಟಿ ಡಾಲರ್ ಸುರಿದವು. ಇದು ಬಡವರಿಗಾಗಿ ಅಂತ ಹೇಳುತ್ತಾರೆ. ಆದರೆ ಬೆಳೆಯುತ್ತಿರುವ ದೇಶಗಳಲ್ಲಿ ಮೇಲಿನ ಶೇ 20 ಜನರಿಗೆ ಸಿಗುವ ಸಬ್ಸಿಡಿ ಕೆಳಗಿನ ಶೇ 20 ಜನರಿಗೆ ಸಿಗುವುದರ 6 ಪಟ್ಟು ಅಂತ ಐಎಂಎಫ್ ಅಧ್ಯಯನವೇ ತೋರಿಸಿದೆ. ಕಾರು ಇದ್ದವರಿಗೆ ಟ್ಯಾಂಕ್ ತುಂಬ, ಇಲ್ಲದವರಿಗೆ ಬಸ್ ಚಾರ್ಜಿನಲ್ಲಿ ಸ್ವಲ್ಪ ಉಳಿತಾಯ.

ಆ ಸ್ವಲ್ಪವೇ ಬಡವರಿಗೆ ದೊಡ್ಡದು ಎನ್ನುವುದನ್ನು ಮರೆತವರು ಕಷ್ಟಪಟ್ಟಿದ್ದಾರೆ. ಈಕ್ವೆಡಾರ್ ಸರ್ಕಾರ 2019ರ ಅಕ್ಟೋಬರ್‌ನಲ್ಲಿ ಒಂದೇ ಏಟಿಗೆ ಸಬ್ಸಿಡಿ ತೆಗೆಯಿತು. ಡೀಸೆಲ್ ಬೆಲೆ ದುಪ್ಪಟ್ಟು ದಾಟಿತು. ಮೂಲನಿವಾಸಿ ಜನ ಬೀದಿಗಿಳಿದರು. ಎರಡು ವಾರದೊಳಗೆ ಆದೇಶ ವಾಪಸ್. ಇಂಡೋನೇಷ್ಯಾ 2005ರಲ್ಲಿ ಬೆಲೆಯನ್ನು ಇದಕ್ಕಿಂತ ಕಡಿಮೆಯೇನೂ ಏರಿಸಲಿಲ್ಲ. ಆದರೆ ಅದೇ ಹೊತ್ತಿಗೆ ಸುಮಾರು 1.9 ಕೋಟಿ ಬಡ ಕುಟುಂಬಗಳಿಗೆ ತಿಂಗಳಿಗೆ 1 ಲಕ್ಷ ರುಪಿಯಾದಂತೆ ಮೂರು ತಿಂಗಳದ್ದು ಒಟ್ಟಿಗೆ ಅಂಚೆ ಕಚೇರಿಯಲ್ಲಿ ಕೊಡಲು ಶುರುಮಾಡಿತು. ಪಟ್ಟಿ ತರಾತುರಿಯಲ್ಲಿ ಮಾಡಿದ್ದರಿಂದ ಹೆಸರು ಬಿಟ್ಟುಹೋದವರ ಗಲಾಟೆ ಆಯಿತು, ಆದರೂ ಏರಿಸಿದ ಬೆಲೆಯನ್ನು ವಾಪಸ್ ತೆಗೆಯಬೇಕಾಗಲಿಲ್ಲ. ಇರಾನ್ 2010ರಲ್ಲಿ ಬೆಲೆ ಏರಿಸುವ ಮೊದಲೇ ಜನರ ಖಾತೆಗೆ ಹಣ ಹಾಕಿ ತೋರಿಸಿತು. ಆರಂಭ ಬಹಳ ಚೆನ್ನಾಗಿತ್ತು. ಆಮೇಲೆ ಹಣದುಬ್ಬರ ಓಡಿತು, ತಿಂಗಳ ಮೊತ್ತ ಮಾತ್ರ ವರ್ಷಗಟ್ಟಲೆ ತಲಾ 45,500 ತೊಮಾನ್‌ನಲ್ಲೇ ನಿಂತಿತು. ಕೆಲವೇ ವರ್ಷದಲ್ಲಿ ಅದರ ಬೆಲೆ ಕರಗಿಹೋಯಿತು.

ನಾನು ಸಲಹೆ ಕೊಡುವಾಗ ಹೇಳುವುದು: ಹಣ ಮೊದಲು ಕೈಗೆ ಮುಟ್ಟಲಿ, ಬೆಲೆ ಆಮೇಲೆ ಏರಲಿ. ಎಲ್ಲ ಇಂಧನವನ್ನೂ ಒಟ್ಟಿಗೆ ಮುಟ್ಟಬೇಡಿ. ಬಡವರ ಒಲೆಗೆ, ದೀಪಕ್ಕೆ ಬಳಸುವುದನ್ನು ಕೊನೆಗೆ ಇಟ್ಟುಕೊಳ್ಳಿ. ಬೆಲೆ ಏರಿದಂತೆ ಸಹಾಯವೂ ಏರುತ್ತದೆ ಅಂತ ಕಾನೂನಿನಲ್ಲೇ ಬರೆಯಿರಿ.

ಶ್ರೀಮಂತ ದೇಶಗಳ ಹಣ

ನಿಮ್ಮ ಗೆಳತಿಯ ಮಾತು ನ್ಯಾಯದ್ದು. ಕೆಡಿಸಿದವರೇ ಕೊಡಬೇಕು. 2009ರಲ್ಲಿ ಕೋಪನ್‌ಹೇಗನ್‌ನ ಹವಾಮಾನ ಸಮ್ಮೇಳನದಲ್ಲಿ, 2020ರ ಹೊತ್ತಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ಕೊಡುತ್ತೇವೆ ಅಂತ ಮಾತು ಕೊಟ್ಟರು. ಆ ಮೊತ್ತ ಮುಟ್ಟಿದ್ದು 2022ರಲ್ಲಿ, ಎರಡು ವರ್ಷ ತಡವಾಗಿ. ಅದರಲ್ಲೂ ಸರ್ಕಾರಿ ಮೂಲದ ಹಣದ ಮೂರರಲ್ಲಿ ಎರಡು ಪಾಲು ಸಾಲ. ಹೊಡೆತ ತಾಳಿಕೊಳ್ಳುವ ಕೆಲಸಕ್ಕೆ ಬಂದ ಸರ್ಕಾರಿ ಹಣ ಆ ವರ್ಷ ಸುಮಾರು 2,800 ಕೋಟಿ ಡಾಲರ್ ಮಾತ್ರ. 2024ರಲ್ಲಿ ಬಾಕುವಿನ ಸಮ್ಮೇಳನದಲ್ಲಿ ಹೊಸ ಗುರಿ ಇಟ್ಟರು: 2035ರ ಹೊತ್ತಿಗೆ ವರ್ಷಕ್ಕೆ 30,000 ಕೋಟಿ. ನಷ್ಟ ತುಂಬಿಕೊಡುವ ನಿಧಿಯೊಂದನ್ನು 2022ರಲ್ಲಿ ಒಪ್ಪಿದರು. ಮರುವರ್ಷ ದುಬೈನಲ್ಲಿ ಅದಕ್ಕೆ ಘೋಷಣೆಯಾದದ್ದು ಸುಮಾರು 70 ಕೋಟಿ ಡಾಲರ್. ಒಂದೇ ಒಂದು ನೆರೆಯಲ್ಲಿ ಪಾಕಿಸ್ತಾನ ಕಳೆದುಕೊಂಡದ್ದು 3,000 ಕೋಟಿ ಅಂತ ಮೇಲೆ ಹೇಳಿದ್ದು ನೆನಪಿದೆಯಲ್ಲ?

ಸಾಲದ ಕತೆ ಇನ್ನೂ ಕಹಿ. ಆರೋಗ್ಯಕ್ಕೋ ಶಿಕ್ಷಣಕ್ಕೋ ಹಾಕುವುದಕ್ಕಿಂತ ಬಡ್ಡಿಗೇ ಹೆಚ್ಚು ಕಟ್ಟುವ ದೇಶಗಳಲ್ಲಿ 330 ಕೋಟಿಗೂ ಹೆಚ್ಚು ಜನ ಬದುಕುತ್ತಿದ್ದಾರೆ ಅಂತ ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಸಂಸ್ಥೆ ಹೇಳುತ್ತದೆ. ಡೊಮಿನಿಕಾ ಎಂಬ ಪುಟ್ಟ ದ್ವೀಪದೇಶಕ್ಕೆ 2017ರ ಮರಿಯಾ ಚಂಡಮಾರುತ ಒಂದೇ ರಾತ್ರಿಯಲ್ಲಿ ಅದರ ಇಡೀ ವರ್ಷದ ಜಿಡಿಪಿಯ ಎರಡು ಪಟ್ಟಿಗೂ ಹೆಚ್ಚು ನಷ್ಟ ತಂದಿತು. ಅಂಥ ದೇಶ ಮತ್ತೆ ಕಟ್ಟಲು ಸಾಲ ಮಾಡುತ್ತದೆ. ಆ ಬಡ್ಡಿ ಮುಂದಿನ ವರ್ಷದ ಶಾಲೆಯ ಹಣವನ್ನು ತಿನ್ನುತ್ತದೆ. ಅಂದರೆ ಪಿಂಚಣಿಯೋ ತಡೆಗೋಡೆಯೋ ಎನ್ನುವ ಜಗಳ ಶುರುವಾಗುವ ಮೊದಲೇ ಬೊಕ್ಕಸದ ಒಂದು ಭಾಗ ಬಡ್ಡಿಗೆ ಹೋಗಿರುತ್ತದೆ. ನಿಮ್ಮ ತರಗತಿಯ ಚರ್ಚೆಯಲ್ಲಿ ಈ ಮೂರನೆಯ ಪಾಲುದಾರನ ಹೆಸರೇ ಬಂದಿಲ್ಲ.

ಇದಕ್ಕೊಂದು ಸಣ್ಣ ದಾರಿ ತೆರೆದಿದೆ. ಸಾಲಪತ್ರದಲ್ಲೇ "ಚಂಡಮಾರುತ ಬಡಿದರೆ ಕಂತು ಮುಂದಕ್ಕೆ" ಅಂತ ಷರತ್ತು ಹಾಕಿಸಿಕೊಳ್ಳುವುದು. ಗ್ರೆನಡಾ ಎಂಬ ಇನ್ನೊಂದು ದ್ವೀಪದೇಶ ಹಾಕಿಸಿಕೊಂಡಿತ್ತು. 2024ರಲ್ಲಿ ಬೆರಿಲ್ ಬಡಿದಾಗ ಅದನ್ನು ಬಳಸಿ ಕಂತು ಮುಂದೂಡಿತು. ಸಾಲ ಮನ್ನಾ ಆಗುವುದಿಲ್ಲ, ಆದರೆ ಕೈಗೆ ದುಡ್ಡು ಬೇಕೇ ಬೇಕಾದ ಆ ತಿಂಗಳುಗಳಲ್ಲಿ ಉಸಿರಾಡಲು ಜಾಗ ಸಿಗುತ್ತದೆ.

ಆದರೂ ಗೆಳತಿಗೆ ಒಂದು ಮಾತು ಹೇಳಿ. ಅವರ ಹಣ ಬರುವವರೆಗೆ ಕಾಯುತ್ತೇವೆ ಅನ್ನಲು ಬರ ಬಿಡುವುದಿಲ್ಲ. ನ್ಯಾಯ ಕೇಳುವುದು ಒಂದು ಕೆಲಸ, ಮನೆಯ ಏರ್ಪಾಡು ಇನ್ನೊಂದು ಕೆಲಸ. ಎರಡೂ ಒಟ್ಟಿಗೆ ನಡೆಯಬೇಕು.

ಹಣಕಾಸು ಮಂತ್ರಿಯೊಬ್ಬರು ಕೈಯಲ್ಲಿ ಸ್ವಲ್ಪವೇ ಹಣ ಇಟ್ಟುಕೊಂಡು ಏನು ಮಾಡಲಿ ಅಂತ ಕೇಳಿದರೆ ನಾನು ಮೊದಲು ಜನರ ಪಟ್ಟಿ ಮತ್ತು ಹಣ ತಲುಪಿಸುವ ದಾರಿಗೆ ಹಾಕಿ ಎನ್ನುತ್ತೇನೆ. ಅದು ಅಗ್ಗ, ಮತ್ತು ಅದಿಲ್ಲದೆ ಉಳಿದದ್ದು ಯಾವುದೂ ನಡೆಯುವುದಿಲ್ಲ. ಎರಡನೆಯದು ಚಿಕ್ಕ ಮಕ್ಕಳು ಮತ್ತು ಗರ್ಭಿಣಿಯರ ಊಟ, ಆರೋಗ್ಯ, ಏಕೆಂದರೆ ಅಲ್ಲಿ ಆದ ನಷ್ಟ ತುಂಬಿಬರುವುದಿಲ್ಲ. ಆಮೇಲೆ ಮುನ್ಸೂಚನೆ ಮತ್ತು ಎಚ್ಚರಿಕೆ ವ್ಯವಸ್ಥೆ. ಹೊಸದಾಗಿ ಕಟ್ಟುವ ಪ್ರತಿ ಶಾಲೆ, ಆಸ್ಪತ್ರೆ ನೆರೆಗೆ, ಬಿಸಿಲಿಗೆ ನಿಲ್ಲುವಂತಿರಲಿ. ಹಳೆಯದನ್ನು ಕೆಡವಿ ಕಟ್ಟುವುದಕ್ಕಿಂತ ಹೊಸದನ್ನು ಸರಿಯಾಗಿ ಕಟ್ಟುವುದು ಕಡಿಮೆ ಖರ್ಚು. ದೊಡ್ಡ ತಡೆಗೋಡೆಗೆ ಬಡ ದೇಶ ತನ್ನ ಪಿಂಚಣಿ ಹಣ ಕಿತ್ತು ಹಾಕಬಾರದು. ಅದಕ್ಕೆ ಹೊರಗಿನ ಅನುದಾನವನ್ನೇ ಪಟ್ಟು ಹಿಡಿದು ಕೇಳಬೇಕು. ಸೋಲಾರ್‌ಗೂ ಹಾಗೆಯೇ: ಅದರಿಂದ ಬಡವರಿಗೆ ಅಗ್ಗದ ಕರೆಂಟ್ ಸಿಗುವ ಕಡೆ ಧಾರಾಳವಾಗಿ ಹಾಕಲಿ. ಜಗತ್ತಿನ ಕಾರ್ಬನ್ ಇಳಿಸುವ ಹೊರೆಯನ್ನು ಆ ದೇಶದ ಬೊಕ್ಕಸದ ಮೇಲೆ ಹಾಕುವುದು ಸರಿಯಲ್ಲ.

ಈ ಕ್ರಮದಲ್ಲೂ ಅಪಾಯವಿದೆ. ಪಟ್ಟಿ ಅಂದ ಮೇಲೆ ಅದರಿಂದ ಹೊರಗುಳಿಯುವವರು ಇದ್ದೇ ಇರುತ್ತಾರೆ: ಅಲೆಮಾರಿಗಳು, ಬಾಡಿಗೆ ಗುಡಿಸಲಲ್ಲಿ ಇರುವವರು, ಕಾಗದಪತ್ರ ಇಲ್ಲದ ವಲಸಿಗರು. ಹವಾಮಾನ ಮೊದಲು ಹೊಡೆಯುವುದೂ ಇವರನ್ನೇ. ಪಟ್ಟಿಯನ್ನು ಒಂದು ಸಲ ಮಾಡಿ ಬೀಗ ಹಾಕಿದರೆ ಎರಡು ವರ್ಷದಲ್ಲಿ ಅದು ಹಳಸುತ್ತದೆ. ವರ್ಷಪೂರ್ತಿ ಹೆಸರು ಸೇರಿಸಲು ಒಂದು ಕಿಟಕಿ ತೆರೆದಿರಬೇಕು, ಬಿಟ್ಟುಹೋದವರು ದೂರು ಕೊಡಲು ಒಬ್ಬ ಮನುಷ್ಯ ಅಲ್ಲಿ ಕೂತಿರಬೇಕು. ಆ ಮನುಷ್ಯನ ಸಂಬಳಕ್ಕೂ ಬಜೆಟ್‌ನಲ್ಲಿ ಒಂದು ಸಾಲು ಬೇಕು. ಬಹಳ ಕಡೆ ನಾನು ಕಾಣದ ಸಾಲು ಅದೇ.